ರೊಟ್ಟಿ ಮನಿಗಿ ಪಿಎಫ್ ಬಂತು

ರೊಟ್ಟಿ ಬಡಿಯೋ ಮನ್ಯಾಗ ನಗೂ ಪ್ರಸಂಗಕ್ಕ ಬರ ಅನ್ನೂದ ಇಲ್ಲ. ಇಪ್ಪತ್ತೆರಡ ಮಂದಿ ಹೆಣ್ಮಕ್ಕಳು ಒಂದ ಸೂರಿನ ಕೆಳಗ ಕುಂತ್ರ ದಿನಕ್ಕೊಂದು ಆಗೇ ಆಗ್ತೈತಿ. ಅದರ ನಡುವ ಸರ್ಕಾರದ ಫಾರ್ಮ್ ಒಂದು ಬಂದು ಕುಂತ್ರಂತೂ ಮುಗೀತು, ದಿನಕ್ಕ ನಾಕ ಆಗ್ತಾವ.

ನಂದು ಜಮಖಂಡ್ಯಾಗ ಖಡಕ್ ರೊಟ್ಟಿ ಧಂದೆ. ಮೊದ್ಲ ಒಂದ ಒಲಿ, ಒಂದ ಹಂಚು, ಬಡಿಯಾಕಿ ನಾನು. ಈಗ ನಮ್ಮ ರೊಟ್ಟಿ ಪುಣೆತನಕ ಹೋಗ್ತಾವ. ಜ್ವಾಳ ಕೊಳ್ಳೂದು ಗೊತ್ತೈತಿ, ಮಾಲ್ ಕಳಸೂದು ಗೊತ್ತೈತಿ, ಬಾಕಿ ಇಟ್ಟವರ ಮನಿ ಮುಂದ ಹೋಗಿ ಕುಂದ್ರೂದೂ ಗೊತ್ತೈತಿ. ಪಿಎಫ್, ಇಎಸ್‌ಐ ಅನ್ನೂದು ಮಾತ್ರ ನಮ್ಮನಿಯವ್ರ ಪಗಾರದ ಚೀಟಿ ಮ್ಯಾಲ ನೋಡಿದ್ದಷ್ಟ. ಅವ್ರು ಸಕ್ಕರಿ ಕಾರ್ಖಾನ್ಯಾಗ ಕಾರಕೂನ ಅದಾರ. ನನ್ನ ಸಿಟ್ಟು ಹಂಚಿಗಿಂತ ಲಗೂನ ಕಾಯ್ತೈತಿ ಅಂತ ಊರೆಲ್ಲಾ ಹೇಳ್ಕೋತ ಅಡ್ಡಾಡೂದು ಅವರ ಎರಡನೇ ನೌಕರಿ.

ಒಲಿ ಎಣಿಕಿ

ಇದೆಲ್ಲಾ ಶುರುವಾದದ್ದು ದೊಡ್ಡವ್ವನ ಹೊಟ್ಟಿನೋವಿನಿಂದ. ದೊಡ್ಡವ್ವ ಅಂದ್ರ ನಮ್ಮ ರೊಟ್ಟಿ ಮನಿಯ ಹಿರಿಯಾಕಿ. ಎರಡನೇ ಒಲಿ ಹಚ್ಚಿದಾಗಿಂದ ನನ್ನ ಜೋಡಿ ಅದಾಳ. ರೊಟ್ಟಿ ಬಡಿಯೋವಾಗ ಒಮ್ಮೊಮ್ಮೆ ಕೈ ನಿಲ್ಲಿಸಿ, ಬಲಗಡೆ ಪಕ್ಕಡಿ ಎಲುಬ ಹಿಡಕೊಂಡು, ಹಲ್ಲ ಕಚ್ಚಿ ಕುಂದ್ರತಿದ್ಳು. ಕೇಳಿದ್ರ, "ಏನಿಲ್ರಿ ಅಕ್ಕಾರ, ಗ್ಯಾಸು," ಅಂತ ಅಜವಾನ ಬಾಯಾಗ ಹಾಕ್ಕೊಂತಿದ್ಳು. ಎಳಕೊಂಡ ಹೋಗಿ ಡಾಕ್ಟರಿಗಿ ತೋರ್ಸಿದೆ. ಪಿತ್ತಕೋಶದಾಗ ಹಳ್ಳ, ಅಂದ್ರ ಸಣ್ಣ ಕಲ್ಲ ಅದಾವ, ಆಪರೇಷನ್ ಮಾಡ್ಸಬೇಕು ಅಂದ್ರು. ಖರ್ಚು ಕೇಳಿ ದೊಡ್ಡವ್ವ ಖುರ್ಚಿಯಿಂದ ಎದ್ದು ನಿಂತ್ಳು. "ಹಳ್ಳ ಅಲ್ಲೇ ಇರ್ಲಿ ಬಿಡ್ರಿ, ಅವೇನ ಬಾಡಿಗಿ ಕೇಳವಲ್ಲವು," ಅಂದ್ಳು.

ಇಎಸ್‌ಐ ಇದ್ದವರಿಗೆ ಆಪರೇಷನ್ ಪುಕ್ಕಟ ಆಗ್ತೈತಿ ಅಂತ ಯಾರೋ ಹೇಳಿದ್ರು. ನಾ ತಡಾ ಮಾಡ್ಲಿಲ್ಲ, ಟ್ಯಾಕ್ಸ್ ವಕೀಲರ ಕಡೆ ಹೋದೆ.

"ನಮ್ಮ ದೊಡ್ಡವ್ವಂದೊಂದು ಇಎಸ್‌ಐ ಮಾಡಿಕೊಡ್ರಿ," ಅಂದೆ.

"ಒಬ್ಬರದು ಮಾಡಾಕ ಬರೂದಿಲ್ರಿ ಅಕ್ಕಾರ. ಒಟ್ಟ ಎಷ್ಟ ಮಂದಿ ಅದಾರ ನಿಮ್ಮಲ್ಲಿ?"

"ಹತ್ತ ಒಲಿ."

"ಛಲೋ ಆತು. ಹತ್ತ ಮಂದಿ ಆದ್ರ ಇಎಸ್‌ಐ ಅಷ್ಟ. ಇಪ್ಪತ್ತ ಆದ್ರ ಪಿಎಫ್ ಸುದ್ಧಾ ಬರ್ತಿತ್ತು."

ನಾ ಸುಮ್ನ ಎದ್ದ ಬಂದಿದ್ರ ಆಗ್ತಿತ್ತು. ನನ್ನ ಬಾಯಿ ಎಲ್ಲಿ ಸುಮ್ಮನಿರ್ತೈತಿ! "ಹತ್ತ ಮಂದಿಲೇ ಎಲ್ಲಿ ಆಗ್ತೈತ್ರಿ? ಒಂದ ಒಲಿಗಿ ಬಡಿಯಾಕಿ ಒಬ್ಬಾಕಿ, ಬೇಸಾಕಿ ಒಬ್ಬಾಕಿ. ಮ್ಯಾಲ ಪ್ಯಾಕಿಂಗಿಗಿ ಇಬ್ಬರು," ಅಂದೆ.

ವಕೀಲರು ಚಸ್ಮಾ ತಗದು ಮೇಜಿನ ಮ್ಯಾಲ ಇಟ್ರು. "ಇಷ್ಟ ದಿನಾ ಏನ್ ಮಾಡಾಕತ್ತಿದ್ರಿ?"

"ರೊಟ್ಟಿ," ಅಂದೆ.

ಒಲಿ ಎಣಸೂದು ನಮ್ಮ ಪದ್ಧತಿ. ಪಗಾರ ಒಲಿ ಲೆಕ್ಕ, ಚಾ ಒಲಿ ಲೆಕ್ಕ, ದೀಪಾವಳಿ ಸೀರಿ ಸುದ್ಧಾ ಒಲಿಗೆರಡು. ಕಾಯ್ದೆ ಮಾತ್ರ ಮಂದೀನ ಎಣಸ್ತೈತಿ ಅಂತ ನನಗ ಯಾರ ಹೇಳಬೇಕು? ಮನಿಗಿ ಬಂದು ತಲಿ ಮ್ಯಾಲ ಕೈ ಹೊತ್ತ ಕುಂತೆ. ದಂಡ ಹಾಕ್ತಾರೋ, ಒಲಿ ಆರಸ್ತಾರೋ ಅನ್ನೂದ ಚಿಂತಿ. ನಮ್ಮನಿಯವ್ರು ಮಾತ್ರ ಭಾಳ ಖುಷಿಲೆ ಇದ್ರು. "ಇಪ್ಪತ್ತ ವರ್ಷ ಆತು ನನ್ನ ಪಗಾರ ಕಟ್ ಆಗಾಕತ್ತು, ಮನ್ಯಾಗ ಯಾರೂ ಹೆಂಗದೀರಿ ಅನ್ಲಿಲ್ಲ. ಈಗ ನೀನೂ ಬಾ," ಅಂದ್ರು.

ಇಲಿ ಹತ್ತಬಾರ್ದು

ಮರುದಿನ ಒಲಿ ಹಚ್ಚೂಕಿಂತ ಮೊದ್ಲ ಎಲ್ಲಾರನ್ನೂ ಕುಂದ್ರಿಸಿ ಹೇಳಿದೆ. ಇನ್ನ ಮುಂದ ಎಲ್ಲಾರ ಪಗಾರದಾಗೂ ಸ್ವಲ್ಪ ಕಟ್ ಆಗ್ತೈತಿ, ಅದು ನಿಮ್ಮ ಹೆಸರ್ಲೇ ಸರ್ಕಾರದ ಕಡೆ ಇರ್ತೈತಿ, ಮುಪ್ಪಿನಾಗ ಬರ್ತೈತಿ ಅಂದೆ. ಇಷ್ಟ ಹೇಳಾಕ ರಾತ್ರಿಯೆಲ್ಲಾ ತಯಾರಿ ಮಾಡಿದ್ದೆ.

ಮನಿ ಅನ್ನೂದು ಸಂತಿ ಆತು. ಎಲ್ಲಾರಕಿಂತ ಮೊದ್ಲ ಎದ್ದಾಕಿ ಯಾರು? ಯಾರ ಸಲುವಾಗಿ ನಾ ಇಷ್ಟೆಲ್ಲಾ ಒದ್ದಾಡಾಕತ್ತಿದ್ನೋ, ಆ ದೊಡ್ಡವ್ವ!

"ಇವತ್ತಿನ ದುಡ್ಡ ಮುಪ್ಪಿನಾಗ ಕೊಡ್ತೀವಿ ಅಂದ್ರ ಹೆಂಗ್ರಿ ಅಕ್ಕಾರ? ಅವಾಗ ನನಗ ಹಲ್ಲರ ಎಲ್ಲಿರ್ತಾವು?"

ನನ್ನ ಸಿಟ್ಟು ನೆತ್ತಿಗಿ ಏರ್ತು. ಆದ್ರ ಅಕಿ ಆಗ್ಲೂ ಪಕ್ಕಡಿ ಹಿಡಕೊಂಡ ನಿಂತಿದ್ಳು. ಅದನ್ನ ನೋಡಿ ಸಿಟ್ಟ ನುಂಗಿದೆ. ಅಲ್ಲೇ ಬುಟ್ಟ್ಯಾಗಿಂದ ಎರಡ ರೊಟ್ಟಿ ತಗದೆ, ಒಂದು ಮೆತ್ತಂದು, ಒಂದು ಖಡಕ್.

"ಇಲ್ನೋಡ್ರಿ. ಈ ಮೆತ್ತನ ರೊಟ್ಟಿ ಇವತ್ತ ತಿನ್ನಬೇಕು. ಇದು ಪಗಾರ. ಈ ಖಡಕ್ ರೊಟ್ಟಿ ತಿಂಗಳಗಟ್ಲೆ ಇಟ್ರೂ ಕೆಡೂದಿಲ್ಲ. ಇದು ಪಿಎಫ್."

ಕಾರಕೂನಗಿಂತ ಛಲೋ ತಿಳಿಸಿದೆ ಅಂತ ನನ್ನ ಬೆನ್ನ ನಾನ ಚಪ್ಪರಿಸ್ಕೋಬೇಕು ಅನ್ನೂದ್ರಾಗ ದೊಡ್ಡವ್ವ ಅಂದ್ಳು, "ಅದೆಲ್ಲಾ ಖರೆ. ಅದಕ್ಕ ಇಲಿ ಹತ್ತಬಾರ್ದಲ್ರಿ."

"ಇಲಿ ಹತ್ತೂದಿಲ್ಲ. ಸರ್ಕಾರದ ಡಬ್ಬಿ ಅದು. ನೀವೆಷ್ಟ ಹಾಕ್ತೀರಿ, ಅಷ್ಟ ನನ್ನ ಕೈಲಿಂದ ನಾನೂ ಹಾಕಬೇಕು," ಅಂದೆ.

"ಏನು? ನೀವೂ ಹಾಕ್ತೀರಿ?"

"ಹೂಂ."

ದೊಡ್ಡವ್ವ ಹಿಂದ ತಿರುಗಿ ಎಲ್ಲಾರ ಮಾರಿ ನೋಡಿದ್ಳು. "ಹಂಗಿದ್ರ ಮೊದ್ಲ ಹೇಳ್ಬಾರ್ದೇನ್ರಿ? ಲೇ, ಎಲ್ಲಾರೂ ಹೆಬ್ಬಟ್ಟ ಒತ್ತ್ರೇ. ಅಕ್ಕಾರ ಕೈ ಬಿಚ್ಚೂದು ಮತ್ತ ಯಾವಾಗೋ ಏನೋ!"

ಹಡದೂ ಹಾಜರ್

ಆಮ್ಯಾಲ ವಕೀಲರು ಹಾಜರಿ ಪುಸ್ತಕ ಕೇಳಿದ್ರು. ಯಾರ್ಯಾರು ಎಷ್ಟೆಷ್ಟ ದಿನಾ ಕೆಲಸ ಮಾಡ್ಯಾರ ಅನ್ನೂದು ಬೇಕಂತ. ನಮ್ಮ ಪುಸ್ತಕದಾಗ ದಿನಾ ಎಲ್ಲಿ ಇರ್ತಾವ? ಹೆಸರಿನ ಮುಂದ ರೊಟ್ಟಿ ಇರ್ತಾವ. ಒಲಿ ಮುಂದ ಕುಂತ್ರ ಹಾಜರ್, ಎದ್ರ ಗೈರ್. ಅಷ್ಟ ನಮ್ಮ ಕಾಯ್ದೆ.

ಆದ್ರೂ ಒಂದ ತಿಂಗಳದ್ದು ಹೆಂಗೋ ರೊಟ್ಟಿ ಲೆಕ್ಕದಿಂದ ದಿನದ ಲೆಕ್ಕಕ್ಕ ತಂದು ಒಯ್ದ ಕೊಟ್ಟೆ. ವಕೀಲರು ಬೆರಳ ಇಟ್ಟ ಓದ್ಕೋತ ಬಂದು ಮೂರನೇ ಒಲಿ ಬಡಿಯಾಕಿ ಹೆಸರಿಗಿ ನಿಂತ್ರು.

"ಇಕಿ ಭಾಳ ನಿಯತ್ತಿನಾಕಿ ಕಾಣ್ತಾಳ. ಒಂದ ದಿನಾನೂ ತಪ್ಪಸಿಲ್ಲ."

"ಹೌದ್ರಿ, ಭಾಳ ಛಲೋ ಹುಡುಗಿ. ಮೊನ್ನೆ ಗಂಡ ಕೂಸ ಹಡದಾಳ."

"ಯಾವಾಗ?"

"ಅದ ತಿಂಗಳದಾಗ. ಬಿಳಗಿ ಕಡೆ ತವರಮನಿ ಅಕಿದು, ಅನಗವಾಡಿ. ಎರಡ ತಿಂಗಳಾತು ಅಲ್ಲೇ ಅದಾಳ."

ವಕೀಲರು ಮತ್ತ ಚಸ್ಮಾ ತಗದ್ರು. ಇವರ ಚಸ್ಮಾ ಕೆಳಗ ಇಳೀತಂದ್ರ ನನಗೊಂದು ಹೊಸ ತ್ರಾಸ ಕಾದೈತಿ ಅಂತ ಅರ್ಥ. "ಅನಗವಾಡ್ಯಾಗ ಹಡದಾಳ, ಅದ ದಿನಾ ಜಮಖಂಡ್ಯಾಗ ಮುನ್ನೂರ ರೊಟ್ಟಿನೂ ಬಡದಾಳ?"

ಅದರಾಗ ನಮಗೇನೂ ವಿಚಿತ್ರ ಅನ್ಸಿದ್ದಿಲ್ಲ. ಸೊಸಿ ಹಡಿಯಾಕ ಹೋದ್ರ ಅತ್ತಿ ಬಂದು ಕುಂದ್ರತಾಳ, ಅಕ್ಕ ಜಡ್ಡ ಬಿದ್ರ ತಂಗಿ ಬರ್ತಾಳ. ಒಲಿ ಮುಂದಿನ ಜಾಗಾ ಆ ಮನಿದು. ಯಾರರ ಒಬ್ಬರು ಬಂದು ಕುಂತ್ರಾತು, ಹೆಸರ ಮೊದಲಿನಾಕಿದ ಇರ್ತೈತಿ. ಇದನ್ನ ತಿಳಿಸಿ ಹೇಳೂದ್ರಾಗ ನನಗ ಬೆವರ ಕಿತ್ತು ಬಂತು. ವಕೀಲರು ಎಲ್ಲಾ ಕೇಳಿ, ಅತ್ತಿ ಹೆಸರೂ ಬ್ಯಾರೆ ಬರಸ್ರಿ ಅಂದ್ರು.

ನಾ ಹೊಳ್ಳಿ ಬಂದು ಆ ಅತ್ತಿಗಿ ಹೇಳಿದೆ, "ಇನ್ನ ಮ್ಯಾಲ ನಿಮಗೂ ಪಿಎಫ್ ಕಟ್ ಆಗ್ತೈತ್ರಿ."

ಅಕಿ ಖುಷಿ ಆದ್ಳು. "ಆಗ್ಲಿ ಬಿಡ್ರಿ. ನಮ್ಮ ಸೊಸಿಗಿ ಇದ್ದದ್ದು ನನಗಿಲ್ಲ ಅಂದ್ರ ಹೆಂಗ?"

ಒಡಪು

ಇನ್ನ ಉಳಿದದ್ದು ಒಂದ ಕೆಲಸ. ಎಲ್ಲಾರ ಹೆಸರು, ಆಧಾರ ನಂಬರ್, ಗಂಡನ ಹೆಸರು ಒಂದ ಕಾಗದದಾಗ ಬರದು ಕೊಡೂದು. "ಹೆಸರ ಇದ್ದಂಗ ಬರೀರಿ. ಒಂದ ಅಕ್ಷರ ತಪ್ಪಿದ್ರೂ ಮುಂದ ದವಾಖಾನ್ಯಾಗ ತ್ರಾಸ ಆಗ್ತೈತಿ," ಅಂತ ವಕೀಲರು ಸಾರಿ ಸಾರಿ ಹೇಳಿದ್ರು. ಅದಕ್ಕ ನಾ ಕಾಗದದ ತಲಿಮ್ಯಾಲ ದಪ್ಪಗ ಬರದೆ: ಇದ್ದಂಗ ಬರೀಬೇಕು, ಒಂದ ಅಕ್ಷರ ಬಿಡಬಾರ್ದು.

ದೊಡ್ಡವ್ವನಿಂದ ಶುರು ಮಾಡಿದೆ. "ಗಂಡನ ಹೆಸರ ಹೇಳವಾ."

ದೊಡ್ಡವ್ವ ಸೆರಗ ಬಾಯಿಗಿ ಹಚ್ಚಿದ್ಳು. "ಹೆಂಗ ಹೇಳ್ಲ್ರಿ?"

ನಮ್ಮ ಕಡೆ ಹೆಣ್ಮಕ್ಕಳು ಗಂಡನ ಹೆಸರ ಹಂಗ ಹಿಡದು ಹೇಳೂದಿಲ್ಲ. ಹೇಳಾಕ ಬೇಕಂದ್ರ ಒಡಪಿನಾಗ ಹೇಳ್ತಾರ. ಎರಡ ಸಾಲಿನ ಹಾಡಿನಂಥಾದ್ದು, ಅದರ ಹೊಟ್ಟ್ಯಾಗ ಹೆಸರ ಮುಚ್ಚಿಟ್ಟಿರ್ತಾರ. ಮದಿವ್ಯಾಗ, ಬಸರಿ ಕುಬಸದಾಗ ಹೊಸ್ತಿಲಾ ದಾಟೂಮುಂದ ಇದ ಒಂದ ದೊಡ್ಡ ಮಜಾ. ಆದ್ರ ಇದು ಮದಿವಿ ಮನಿ ಅಲ್ಲಲ್ಲ!

"ಅಯ್ಯ, ಸರ್ಕಾರದ ಕೆಲಸಕ್ಕ ಎಂಥಾ ನಾಚಿಕಿ? ಹೇಳ್ರೇ ಲಗೂನ," ಅಂತ ಗದರಿಸಿದೆ.

"ಮೊದ್ಲ ನೀವ ಹೇಳ್ರಿ ನೋಡೂಣು," ಅಂತ ಮೂಲಿಯೊಳಗಿಂದ ಯಾರೋ ಅಂದ್ರು.

ನಾ ಬಾಯಿ ತಗದೆ. ಹೆಸರು ಹೊರಗ ಬರವಲ್ದು. ಮದಿವ್ಯಾಗಿ ಇಪ್ಪತ್ತೈದ ವರ್ಷ ಆಗಾಕ ಬಂತು, ಧಂದೆ ಮಾಡ್ತೀನಿ, ಪುಣೆ ವ್ಯಾಪಾರಿ ಜೋಡಿ ಜಗಳಾಡ್ತೀನಿ, ಆ ಐದ ಅಕ್ಷರ ಮಾತ್ರ ಗಂಟಲದಾಗ ಕುಂತ ಬಿಟ್ಟಾವು. ಸೋತು ಒಡಪ ಹೇಳಿದೆ:

"ಬನಹಟ್ಟಿ ಸೀರಿಗಿ ಬಂಗಾರದ ಅಂಚ,
ಬಸವರಾಜರು ಮನಿಗಿ ಬಂದ್ರ ಏರತೈತಿ ಹಂಚ."

ಆತು, ಬಾಗಲಾ ತಗದಂಗಾತು! ಸಾಲ ಹಿಡದು ಒಬ್ಬಾಕಿ ಆದ ಮ್ಯಾಲ ಒಬ್ಬಾಕಿ ಒಡಪ ಹೇಳಾಕತ್ರು. ಕೈ ಎಲ್ಲಾ ಹಿಟ್ಟು, ಬಾಯಿ ತುಂಬ ನಗಿ. ದೊಡ್ಡವ್ವಂದು ಎಲ್ಲಾರಕಿಂತ ಚಂದ ಇತ್ತು:

"ಬಿಳಿಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ ಇಟ್ಟೇನಿ,
ಮಲ್ಲಪ್ಪನವರ ಹೆಸರ ಹೇಳಿ ಹೊಸ್ತಿಲಾ ದಾಟೇನಿ."

ನಾ ಸಂದು ಬಿಡದಂಗ ಎಲ್ಲಾ ಬರಕೊಂಡೆ. ಒಡಪಿನಾಗಿಂದ ಹೆಸರ ಅಷ್ಟ ಆರಿಸಿ ಆಮ್ಯಾಲ ಸಾಫ ಕಾಪಿ ಮಾಡಿದ್ರಾತು ಅಂತ ಮನಸಿನಾಗ ಇತ್ತು. ಅಷ್ಟರಾಗ ಮುಧೋಳದ ಮದಿವಿ ಮನಿ ಒಂದರಿಂದ ಎರಡ ಸಾವಿರ ರೊಟ್ಟಿ ಬೇಕಂತ ಫೋನ್ ಬಂತು. ಆ ಗದ್ದಲದಾಗ ವಕೀಲರ ಆಫೀಸಿನ ಟೈಪಿಸ್ಟ್ ಮೇಡಂ, ನಾವು ಬಾಯಾರು ಅಂತೀವಿ, ಫೋನ್ ಮಾಡಿ "ಕಾಗದ ಕಳಸ್ರಿ, ಇವತ್ತ ಕಡೀ ದಿನಾ," ಅಂದ್ರು. ಕಚ್ಚಾ ಕಾಗದದ್ದ ಫೋಟೋ ಹೊಡದು ವಾಟ್ಸಾಪಿಗಿ ಬಿಟ್ಟೆ. ಕೆಲಸ ಆತು ಅಂತ ನಿರುಮ್ಮಳಾಗಿ ಹಿಟ್ಟ ನಾದಾಕ ಕುಂತೆ.

ಮುಧೋಳ ನಾಯಿ

ನಂಬರ್ ಬಂದ್ವು, ಇಎಸ್‌ಐ ಕಾರ್ಡ್ ಬಂದ್ವು. ಹಬ್ಬ ಮಾಡಿದ್ವಿ. ಎಲ್ಲಾರಿಗೂ ಒಂದೊಂದು ಕೊಟ್ಟೆ. ಐದನೇ ಒಲಿ ಬೇಸಾಕಿ ಮಗಳು ಕಾಲೇಜಿಗಿ ಹೋಗ್ತಾಳ, ಆ ಹುಡುಗಿ ಮನ್ಯಾಗ ಕಾರ್ಡ್ ಓದ್ಯಾಳ. ಮರುದಿನ ಬೆಳಗಾಗೂದ್ರಾಗ ಅಕಿ ಅಪ್ಪ ನಮ್ಮ ಬಾಗಲದಾಗ ನಿಂತಿದ್ದ.

"ಅಕ್ಕಾರ, ನಾ ನಿಮಗೇನ್ ಅಂದಿದ್ನ್ರಿ?"

"ಯಾಕಪ್ಪಾ?"

"ಸರ್ಕಾರದ ಕಾರ್ಡಿನ್ಯಾಗ ನನಗ ನಾಯಿ ಅಂತ ಬರಿಸೀರಲ್ರಿ!"

ಕಾರ್ಡ್ ಇಸ್ಕೊಂಡ ನೋಡಿದೆ. ಗಂಡನ ಹೆಸರು: ಮುಧೋಳ ನಾಯಿ ಓಡೇತಿ ಮೊಲದ ಬೆನ್ನ. ಅಲ್ಲಿಗೆ ಜಾಗಾ ಮುಗದಿತ್ತು. ಅಂವನ ಹೆಂಡತಿ ಹೇಳಿದ ಒಡಪ ನನಗ ನೆನಪಾತು:

"ಮುಧೋಳ ನಾಯಿ ಓಡೇತಿ ಮೊಲದ ಬೆನ್ನ ಹತ್ತಿ,
ಶಿವಪ್ಪನವರು ಬರೂತನಕಾ ಆರಸಬ್ಯಾಡ್ರಿ ಬತ್ತಿ."

ಶಿವಪ್ಪ ಬರೂದ್ರಾಗ ಸರ್ಕಾರದ ಬತ್ತಿ ಆರಿತ್ತು.

ಓಡಿ ಹೋಗಿ ಎಲ್ಲಾರ ಕಾರ್ಡ್ ತರಿಸಿ ನೋಡಿದೆ. ಒಬ್ಬಾಕಿ ಗಂಡ ರನ್ನ ಬೆಳಗಲಿ ಬೆಲ್ಲ, ಒಬ್ಬಾಕಿ ಗಂಡ ತುಂಬಿದ ಹೊಳಿ. ಒಂದರಾಗೂ ಗಂಡ ಅನ್ನಾಂವ ಬಂದ ಮುಟ್ಟಿಲ್ಲ, ಎಲ್ಲಾರೂ ಎರಡನೇ ಸಾಲಿನಾಗ ಉಳದಾರ. ಟೈಪಿಸ್ಟ್ ಬಾಯಾರಿಗಿ ಫೋನ್ ಹಚ್ಚಿ ಬೆಂಕಿ ಕಾರಿದೆ. ಅವ್ರು ಸಮಾಧಾನಲೇ ಅಂದ್ರು, "ನೀವ ಬರದೀರಲ್ರಿ, ಒಂದ ಅಕ್ಷರ ಬಿಡಬಾರ್ದು ಅಂತ."

ತಿದ್ದಸಾಕ ಅರ್ಜಿ ಹಾಕಿದ್ವಿ, ಸ್ವಲ್ಪ ದಿನಾ ಹಿಡೀತೈತಿ ಅಂದ್ರು. ಆದ್ರ ನನ್ನ ಜೀವ ದೊಡ್ಡವ್ವನ ಕಾರ್ಡಿನ ಮ್ಯಾಲ ಇತ್ತು. ಅಕಿಗಿ ಆಗ ನೋವು ದಿನಾ ಬರಾಕತ್ತಿತ್ತು, ಅನ್ನ ಸೇರ್ತಿದ್ದಿಲ್ಲ. ಅಕಿ ಕಾರ್ಡಿನ್ಯಾಗ ಗಂಡನ ಹೆಸರು: ಬಿಳಿಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ.

ಈ ಬೆಣ್ಣಿ ನೀವ ಏನು?

ತಿದ್ದಿದ ಕಾರ್ಡ್ ಬರೂದ್ರಾಗ ಆಪರೇಷನ್ ದಿನಾ ಬಂತು. ಇಎಸ್‌ಐ ಡಾಕ್ಟರು ಬಾಗಲಕೋಟಿಯ ಒಂದ ದವಾಖಾನಿಗಿ ಚೀಟಿ ಬರದಕೊಟ್ಟಿದ್ರು. ನಾನು, ದೊಡ್ಡವ್ವ, ಅಕಿ ಗಂಡ ಮೂವರೂ ಹೋದ್ವಿ. ಗಂಡ ಭಾಳ ಮೆತ್ತನ ಸ್ವಭಾವದಾಂವ. ಎರಡ ಎಮ್ಮಿ ಕಟ್ಟಿ ಹಾಲ ಹಾಕ್ತಾನ, ಹೆಂಡತಿ ಮುಂದ ಒಂದ ಮಾತ ಎತ್ತೂದಿಲ್ಲ.

ಕೌಂಟರಿನಾಗಿನವ್ರು ಕಾರ್ಡ್ ನೋಡಿದ್ರು, ಆಧಾರ ನೋಡಿದ್ರು, ಮತ್ತ ಕಾರ್ಡ್ ನೋಡಿದ್ರು. ಎದ್ದ ಹೋಗಿ ಒಳಗಿನ ಸಾಹೇಬರನ್ನ ಕರಕೊಂಡ ಬಂದ್ರು. ಇವತ್ತ ಹೊಳ್ಳಿ ಕಳಿಸಿದ್ರ ದೊಡ್ಡವ್ವ ಮತ್ತ ಈ ಮೆಟ್ಟಲಾ ಹತ್ತೂದಿಲ್ಲ ಅಂತ ನನಗ ಗೊತ್ತಿತ್ತು. ಎಲ್ಲಾ ನನ್ನ ಗಡಿಬಿಡಿ, ನನ್ನ ಕಚ್ಚಾ ಕಾಗದ. ಅವತ್ತ ನನ್ನ ಸಿಟ್ಟೆಲ್ಲಾ ನನ್ನ ಮ್ಯಾಲ ಇತ್ತು.

ಸಾಹೇಬ್ರು ಕೇಳಿದ್ರು, "ಗಂಡ ಯಾರ್ರಿ?"

"ನಾನ್ರಿ. ಮಲ್ಲಪ್ಪ," ಅಂದ ಆಂವ.

"ನೀವು ಮಲ್ಲಪ್ಪ ಅಂತ ಆಧಾರ ಹೇಳ್ತೈತಿ, ಒಪ್ಕೊಂಡೆ. ಆದ್ರ ಕಾರ್ಡಿನ್ಯಾಗ ಇರಾಂವ ರೊಟ್ಟಿ ಮ್ಯಾಲಿನ ಬೆಣ್ಣಿ. ಈ ಬೆಣ್ಣಿ ನೀವ ಅನ್ನಾಕ ಏನ್ ಪುರಾವೆ?"

ಮಲ್ಲಪ್ಪ ತನ್ನ ಮೈ ತಾನ ಒಂದ ಸಲ ನೋಡ್ಕೊಂಡ. ಒಣಗಿ ಕಟಗಿ ಆಗಿದ್ದ ಪಾಪ, ಬೆಣ್ಣಿ ಅನ್ನಾಕ ಧೈರ್ಯ ಆಗ್ಲಿಲ್ಲ.

ನಾ ಮುಂದ ಬಂದು ಎಲ್ಲಾ ಹೇಳಿದೆ. ಸಾಹೇಬ್ರು ನಂಬಿದಂಗ ಕಾಣ್ಲಿಲ್ಲ. "ಹಂಗಾರ ಅವರ ಬಾಯಿಲೆ ಹೇಳಸ್ರಿ," ಅಂದ್ರು. ದೊಡ್ಡವ್ವನ ಕಡೆ ತಿರುಗಿ, "ನಿಮ್ಮ ಗಂಡನ ಹೆಸರ ಏನವಾ?" ಅಂದ್ರು.

ದೊಡ್ಡವ್ವ ಒಂದ ಕೈಲೆ ಪಕ್ಕಡಿ ಹಿಡದ್ಳು, ಒಂದ ಕೈಲೆ ಸೆರಗ ಬಾಯಿಗಿ ಹಚ್ಚಿದ್ಳು. ಹಿಂದ ಪಾಳಿ ಹಚ್ಚಿದ ಮಂದಿಯೆಲ್ಲಾ ಮುಂದ ಬಗ್ಗಿ ನೋಡಾಕತ್ರು. ಆ ನೋವಿನಾಗೂ ಅಕಿ ದನಿ ಸಣ್ಣದಾಗಿ ರಾಗಲೇ ಬಂತು:

"ಬಿಳಿಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ ಇಟ್ಟೇನಿ..."

ಸಾಹೇಬರ ಬೆರಳು ಕಾರ್ಡಿನ ಮ್ಯಾಲ ಅಕ್ಷರಕ್ಕ ಅಕ್ಷರ ಓಡಾಕತ್ತು. ಮುದ್ದಿಗಿ ಬಂದು ನಿಂತು, ಅಲ್ಲಿಂದ ಜಿಗದು ಆಧಾರಿನ ಮ್ಯಾಲ ಹೋತು.

"...ಮಲ್ಲಪ್ಪನವರ ಹೆಸರ ಹೇಳಿ ಹೊಸ್ತಿಲಾ ದಾಟೇನಿ."

"ಅರ್ಧ ಇಲ್ಲೈತಿ, ಅರ್ಧ ಅಲ್ಲೈತಿ. ಪೂರಾ ಕೂಡ್ತು," ಅಂದ್ರು ಸಾಹೇಬ್ರು. ಪಾಳ್ಯಾಗಿನ ಹೆಣ್ಮಕ್ಕಳು ಚಪ್ಪಾಳಿ ಹೊಡದ್ರು. ನನ್ನ ಕಡಿಂದ ಒಂದ ಪತ್ರಾ ಬರಿಸ್ಕೊಂಡ್ರು, ಸಹಿ ಹೊಡದ್ರು. ನನಗ ಹೋದ ಜೀವ ಬಂದಂಗಾತು. ಅಲ್ಲೇ ಬೆಂಚಿನ ಮ್ಯಾಲ ಕುಂತು ಕಣ್ಣ ಒರಸ್ಕೊಂಡೆ.

ಸಾಹೇಬ್ರು ಒಳಗ ಹೋಗಾಂವ್ರು ಹೊಳ್ಳಿ ನಿಂತು ದೊಡ್ಡವ್ವಗ ಅಂದ್ರು, "ಒಡಪ ಹೇಳಿ ಆತು. ಇನ್ನ ಹೊಸ್ತಿಲಾ ದಾಟ್ರಿ, ಡಾಕ್ಟರ್ ಕಾಯಾಕತ್ತಾರ."

ಎಚ್ಚರ

ಆಪರೇಷನ್ ಛಲೋ ಆತು. ಹಳ್ಳ ಡಬ್ಬ್ಯಾಗ ಹಾಕಿ ತೋರ್ಸಿದ್ರು. ಒಂದ ರೂಪಾಯಿ ಕೇಳ್ಲಿಲ್ಲ. ನಾನೂ ಮಲ್ಲಪ್ಪನೂ ಹಾಸಿಗಿ ಆಜೂ ಬಾಜೂ ಕುಂತಿದ್ವಿ. ಗುಂಗಿನ ಔಷಧ ಇನ್ನೂ ಪೂರಾ ಇಳದಿದ್ದಿಲ್ಲ. ನರ್ಸ್ ಬಂದು ಕೆನ್ನಿ ತಟ್ಟಿ, "ಅಮ್ಮಾ, ಏಳ್ರಿ, ಮಾತಾಡ್ರಿ," ಅಂದ್ರು.

ದೊಡ್ಡವ್ವ ಕಣ್ಣ ಮುಚ್ಚಿಕೊಂಡ, ವಾರ್ಡ್ ತುಂಬ ಕೇಳೂವಂಗ, ಒದರಿದ್ಳು.

"ಲೇ ಮಲ್ಲ್ಯಾ! ಎಮ್ಮಿಗಿ ನೀರ ಇಟ್ಟೀಯೇನಲೇ?"

ಮಲ್ಲಪ್ಪ ಸ್ಟೂಲ್ ಬಿಟ್ಟ ಜಿಗದ ನಿಂತ. "ಇಟ್ಟೇನ್ರಿ! ಇಟ್ಟ ಬಂದೇನ್ರಿ!"

ನಾ ನಕ್ಕ ನಕ್ಕ ಹೊಟ್ಟಿ ಹಿಡಕೊಂಡೆ. ಈ ಒಂದ ಹೆಸರಿನ ಸಲುವಾಗಿ ನಾ ವಕೀಲರ ಚಸ್ಮಾ ನೋಡೀನಿ, ಟೈಪಿಸ್ಟ್ ಬಾಯಾರ ಕೈಲೆ ಅನಿಸ್ಕೊಂಡೀನಿ, ಎದಿ ಒಡಕೊಂಡೀನಿ. ಇಕಿ ನೋಡಿದ್ರ ಪುಕ್ಕಟ ಒದರಾಕತ್ತಾಳ!

ಸಂಜಿಗಿ ಪೂರಾ ಎಚ್ಚರಾದ ಮ್ಯಾಲ ಕೇಳಿದೆ. ದೊಡ್ಡವ್ವ ಸೆರಗ ಹುಡಕಿ ಬಾಯಿಗಿ ಹಚ್ಚಿದ್ಳು. "ನಾನಾ? ಹೆಸರ ಹಿಡದು? ಅದೂ ಲೇ ಅಂತ? ಬಿಡ್ರಿ ಅಕ್ಕಾರ, ಸುಳ್ಳ ಹೇಳಬ್ಯಾಡ್ರಿ. ನನ್ನ ಬಾಯಾಗ ಬರೂದ ಇಲ್ಲ ಅದು."

ಅಷ್ಟರಾಗ ನನ್ನ ಫೋನ್ ಬಂತು, ಟೈಪಿಸ್ಟ್ ಬಾಯಾರದು. "ಅಕ್ಕಾರ, ತಿದ್ದೂದು ಮಂಜೂರಾತು. ನಿಮ್ಮ ದೊಡ್ಡವ್ವನ ಕಾರ್ಡಿನ್ಯಾಗ ಗಂಡನ ಹೆಸರ ಈಗ ಏನಂತ ಹಾಕ್ಲಿ? ಒಂದ ಸಲ ಅವರ ಮನಿಯವ್ರನ್ನ ಕೇಳಿಬಿಡ್ರಿ, ಮತ್ತ ತಪ್ಪಬಾರ್ದು," ಅಂದ್ರು.

ನಾ ಮಲ್ಲಪ್ಪನ ಕಡೆ ತಿರುಗಿದೆ. ಆಂವ ಒಮ್ಮೆ ಹೆಂಡತಿ ಮಾರಿ ನೋಡಿದ. ಒಮ್ಮೆ ಸುತ್ತ ವಾರ್ಡಿನಾಗ ಇನ್ನೂ ನಗಾಕತ್ತಿದ್ದ ಮಂದೀನ ನೋಡಿದ. ಆಮ್ಯಾಲ ನನ್ನ ಕಿವಿ ಕಡೆ ಬಗ್ಗಿ ಸಣ್ಣ ದನಿಲೆ ಅಂದ:

"ಅಕ್ಕಾರ, ಮೂವತ್ತ ವರ್ಷದಾಗ ಒಡಪಿಲ್ಲದ ನನ್ನ ಹೆಸರ ಅಕಿ ಬಾಯಾಗ ಇವತ್ತ ಕೇಳಿದೆ. ಸಾಕ್ರಿ. ಏನೂ ತಿದ್ದಸಬ್ಯಾಡ್ರಿ... ಬೆಣ್ಣಿನ ಇರ್ಲಿ."